ಹತ್ತು ಸೆಂಟ್ ಮಳೆ

ಮೂರನೆಯ ಸ್ಲೈಡಿನಲ್ಲಿ ಎರಡು ಕಂಬಗಳಿದ್ದವು. ಒಂದು ಹಿಂದಿನ ವರ್ಷದ ರೋಬಸ್ಟಾ ಕಾಫಿ ಚೆರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ ಬೆಲೆ, ಇನ್ನೊಂದು ಆ ವರ್ಷದ್ದು. ಎರಡನೆಯ ಕಂಬ ಮೊದಲನೆಯದರ ಮೂರರಷ್ಟು ಎತ್ತರವಿತ್ತು. ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಸಮುದಾಯ ಭವನ, ಎದುರಿಗೆ ಐವತ್ತಕ್ಕೂ ಹೆಚ್ಚು ಬೆಳೆಗಾರರು, ಕೊಯ್ಲು ಮುಗಿಸಿ ಬಂದ ದಣಿದ ಮುಖಗಳು. ಬೆಲೆ ಚೆನ್ನಾಗಿ ಏರಿದೆ ಎಂದು ಹೇಳಿ ನಾನು ಮುಂದಿನ ಸ್ಲೈಡಿಗೆ ಹೋಗುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ದೊಡ್ಡಪ್ಪ ಎದ್ದು ನಿಂತರು.

“ಪುಟ್ಟಿ, ಒಂದು ನಿಮಿಷ. ಬೆಲೆ ಮೂರು ಪಟ್ಟಾಗಿದೆಯೇ? ನನ್ನ ಮಾರಾಟದ ಚೀಟಿಯಲ್ಲಿ ಹಾಗೇನೂ ಇಲ್ಲವಲ್ಲ.”

ಇರಲಿಲ್ಲ. 50 ಕಿಲೋ ಚೀಲಕ್ಕೆ 9,500 ರೂಪಾಯಿ ಇದ್ದದ್ದು 10,500 ಆಗಿತ್ತು. ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಗ್ರಾಫಿನ ಬುಡ ಸೊನ್ನೆಯಲ್ಲಿರಲಿಲ್ಲ, 9,000ದಲ್ಲಿತ್ತು. ಹಾಗಾಗಿ ಒಂದು ಕಂಬಕ್ಕೆ 500ರ ಎತ್ತರ, ಇನ್ನೊಂದಕ್ಕೆ 1,500ರ ಎತ್ತರ ಬಂದಿತ್ತು. ಅಂಕಿಗಳು ಸರಿಯಾಗಿದ್ದವು, ಚಿತ್ರ ಸುಳ್ಳು ಹೇಳುತ್ತಿತ್ತು. ಬುಡ ಎಲ್ಲಿರಬೇಕೆಂದು ತಂತ್ರಾಂಶವೇ ಆರಿಸಿಕೊಂಡಿತ್ತು. ಅದನ್ನು ನೋಡಿ ಸರಿಪಡಿಸಬೇಕಾದವಳು ನಾನು. ನೋಡಿರಲಿಲ್ಲ.

ನನಗೆ ಇಂದಿಗೂ ನೋವು ಕೊಡುವುದು ಆ ಸ್ಲೈಡಲ್ಲ, ಅದರ ಮುಂದಿನದು. ನಾಲ್ಕನೆಯ ಸ್ಲೈಡಿನಲ್ಲಿ ಎಕರೆವಾರು ಖರ್ಚಿನ ಲೆಕ್ಕವಿತ್ತು. ಎರಡು ತಿಂಗಳು ಮನೆಮನೆಗೆ ಹೋಗಿ, ಕೂಲಿ ಪುಸ್ತಕ ಮತ್ತು ಗೊಬ್ಬರದ ರಸೀದಿಗಳನ್ನು ನೋಡಿ ಕೂಡಿಸಿದ ಲೆಕ್ಕ ಅದು. ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಆ ಹೊತ್ತಿಗೆ ಸಭೆಯವರ ಕಣ್ಣು ಪರದೆಯಿಂದ ಸರಿದು ಹೋಗಿತ್ತು. ಮೂರನೆಯದು ಹಾಗಿದ್ದ ಮೇಲೆ ನಾಲ್ಕನೆಯದನ್ನು ಅವರು ಏಕೆ ನಂಬಬೇಕು?

ಕಂಬದ ಗ್ರಾಫನ್ನು ನೋಡುವ ಕಣ್ಣು ಅಂಕಿಯನ್ನು ಓದುವುದಿಲ್ಲ, ಉದ್ದವನ್ನು ಅಳೆಯುತ್ತದೆ. ಆದ್ದರಿಂದ ಕಂಬದ ಬುಡ ಸೊನ್ನೆಯಲ್ಲೇ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೆರೆಯ ಗ್ರಾಫಿನ ವಿಷಯ ಬೇರೆ. ಅಲ್ಲಿ ನಾವು ಓದುವುದು ಏರಿಳಿತದ ಓಟವನ್ನು. ದಿನದಿನದ ಬೆಲೆಯನ್ನು ಗೆರೆಯಲ್ಲಿ ಬರೆಯುವಾಗ ಬುಡ ಸೊನ್ನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಅದು ಎಲ್ಲಿದೆ ಎಂದು ಕಾಣುವಂತೆ ಬರೆದಿದ್ದರೆ ಸಾಕು.

ಈ ಎರಡೂ ಬಗೆಯ ಗ್ರಾಫುಗಳು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿವೆ. ಆತ ಹಿಂದೆ ಜೇಮ್ಸ್ ವಾಟ್ ಬಳಿ ನಕ್ಷೆ ಬರೆಯುವ ಕೆಲಸ ಮಾಡಿದ್ದವನು. ಇಂಗ್ಲೆಂಡಿನ ವ್ಯಾಪಾರ ವರ್ಷದಿಂದ ವರ್ಷಕ್ಕೆ ಏರಿಳಿದದ್ದನ್ನು ಗೆರೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ಲೆಕ್ಕಕ್ಕೆ ಬಂದಾಗ ಅವನ ಕೈಯಲ್ಲಿದ್ದದ್ದು 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನ ಒಂದೇ ವರ್ಷದ ಅಂಕಿ. ಒಂದೇ ವರ್ಷಕ್ಕೆ ಗೆರೆ ಎಳೆಯುವುದೆಲ್ಲಿಂದ? ಹಾಗಾಗಿ 17 ಕಡೆಗಳೊಂದಿಗಿನ ಆಮದು ರಫ್ತನ್ನು ಪಟ್ಟಿಪಟ್ಟಿಯಾಗಿ ಪಕ್ಕಪಕ್ಕದಲ್ಲಿ ಬರೆದ. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಕೈಯಲ್ಲಿ ಏನಿಲ್ಲವೋ ಅದನ್ನು ಇದೆ ಎಂದು ತೋರಿಸದೆ, ಇದ್ದಷ್ಟಕ್ಕೆ ತಕ್ಕ ಚಿತ್ರವನ್ನು ಹುಡುಕಿಕೊಂಡ ಮನುಷ್ಯ ಅವನು.

ನಾನು ಚಿಕ್ಕಮಗಳೂರಿನಲ್ಲಿ ಸಣ್ಣ ಬೆಳೆಗಾರರ ಒಂದು ಗುಂಪಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎರಡು ಎಕರೆ, ಮೂರು ಎಕರೆ, ಹೆಚ್ಚೆಂದರೆ ಹತ್ತು ಎಕರೆ ತೋಟದವರು. ಅವರಿಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಸಿಮೆಂಟ್ ಕಣ ಮತ್ತು ಕಾಫಿ ಒಣಗಿಸುವ ಯಂತ್ರ ಬೇಕಾಗಿತ್ತು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಅದರ ಬೆನ್ನಿಗೇ ರೋಬಸ್ಟಾ. ಚೆರಿ ಚೆನ್ನಾಗಿ ಒಣಗಲು ಎರಡು ವಾರದ ಬಿಸಿಲು ಬೇಕು. ನಡುವೆ ಒಂದು ಅಕಾಲ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬೆಲೆಯೂ ಕೆಡುತ್ತದೆ. ಯಂತ್ರಕ್ಕೆ ಬ್ಯಾಂಕಿನ ಸಾಲ ಬೇಕು, ಬ್ಯಾಂಕಿನವರಿಗೆ ವಿವರಿಸುವ ಹೊಣೆ ನನ್ನದು.

ಬ್ಯಾಂಕಿಗೆ ಮೊದಲ ಸಲ ಹೋದಾಗ ನನ್ನ ಬಳಿ 38 ಸ್ಲೈಡುಗಳಿದ್ದವು. ಬಾಬಾ ಬುಡನ್ ಅವರು ಯೆಮನ್‌ನಿಂದ ತಂದರೆನ್ನುವ ಏಳು ಕಾಫಿ ಬೀಜಗಳಿಂದ ಶುರು ಮಾಡಿದ್ದೆ. ಎದುರಿಗಿದ್ದ ಅಧಿಕಾರಿಗೆ ಮುಂದಿನ ಅರ್ಧ ಗಂಟೆಯಲ್ಲಿ ತೀರ್ಮಾನಿಸಬೇಕಿದ್ದ ವಿಷಯಕ್ಕೂ ಆ ಏಳು ಬೀಜಕ್ಕೂ ಏನು ಸಂಬಂಧ ಎಂದು ನಾನು ಕೇಳಿಕೊಂಡಿರಲಿಲ್ಲ. ಆಮೇಲೆ ಜಿಲ್ಲೆಯ ಸರಾಸರಿ ಮಳೆಯ ಗ್ರಾಫ್ ಬಂತು. ಚಿಕ್ಕಮಗಳೂರು ಜಿಲ್ಲೆಯನ್ನು ಬಲ್ಲವರಿಗೆ ಈ ಸರಾಸರಿ ಎಂಥ ಮಾತು ಎಂದು ಗೊತ್ತು. ಕಡೂರಿನ ರಾಗಿ ಹೊಲ, ಶೃಂಗೇರಿಯ ಅಡಿಕೆ ತೋಟ ಎರಡೂ ಒಂದೇ ಜಿಲ್ಲೆಯಲ್ಲಿವೆ. ಅಲ್ಲಿ ಮೋಡಕ್ಕಾಗಿ ಕಾಯುವ ದಿನ ಇಲ್ಲಿ ಕೊಡೆ ಮಡಚಲಾಗದು. ಎರಡನ್ನೂ ಕೂಡಿಸಿ ಭಾಗಿಸಿದಾಗ ಬರುವ ಮಳೆ ಯಾರ ತೋಟದಲ್ಲೂ ಬಿದ್ದ ಮಳೆಯಲ್ಲ. ಹಾಸನದಲ್ಲೂ ಹೀಗೆಯೇ, ಸಕಲೇಶಪುರವನ್ನೂ ಅರಸೀಕೆರೆಯನ್ನೂ ಒಂದೇ ಕಂಬದಲ್ಲಿ ನಿಲ್ಲಿಸಿದರೆ ಆ ಕಂಬ ಯಾವ ಊರಿನದೂ ಆಗುವುದಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲಿ ಹೇಳಲೇಬೇಕು. ಒಂದು ಸ್ಲೈಡಿನಲ್ಲಿ ‘80 ಸೆಂಟ್’ ಎಂದು ಬರೆದಿದ್ದೆ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ. ಇಂಚಿನ ನೂರರ ಒಂದು ಪಾಲು ಒಂದು ಸೆಂಟ್. ಅಧಿಕಾರಿ ಘಟ್ಟದ ಕೆಳಗಿನವರು. ಅವರ ಊರಿನಲ್ಲಿ ಸೆಂಟ್ ಎಂದರೆ ಜಮೀನು, ನೂರು ಸೆಂಟಿಗೆ ಒಂದು ಎಕರೆ. ನಮ್ಮ ಕಣ 80 ಸೆಂಟ್ ಜಾಗದಲ್ಲಿ ಬರುತ್ತದೆ ಎಂದು ಅವರು ತಿಳಿದುಕೊಂಡರು. ಎರಡು ಸ್ಲೈಡ್ ಬಿಟ್ಟು ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ಬೆಲೆ ಬಂತು. ಅದು ಪೌಂಡಿಗೆ ಇಷ್ಟು ಸೆಂಟ್ ಎಂಬ ಲೆಕ್ಕ, ಅಮೆರಿಕದ ನಾಣ್ಯ. ಒಂದೇ ಪದಕ್ಕೆ ಮೂರು ಅರ್ಥ, ನಾನು ಒಂದನ್ನೂ ಬಿಡಿಸಿ ಹೇಳಿರಲಿಲ್ಲ. ಲಂಡನ್ನಿನ ರೋಬಸ್ಟಾ ಬೆಲೆ ಟನ್ನಿಗೆ ಡಾಲರಿನಲ್ಲಿ, ನಮ್ಮದು 50 ಕಿಲೋ ಚೀಲಕ್ಕೆ ರೂಪಾಯಿಯಲ್ಲಿ. ಇವೆಲ್ಲವನ್ನೂ ಕಿಲೋಗೆ ರೂಪಾಯಿ ಎಂದು ಒಂದೇ ಅಳತೆಗೆ ತರುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಕೇಳುವವರ ತಲೆಗೆ ಬಿಟ್ಟಿದ್ದೆ.

ಅವರು ತಾಳ್ಮೆಯ ಮನುಷ್ಯ. ಕೊನೆಯವರೆಗೂ ಕುಳಿತರು. ಆಮೇಲೆ ಎರಡೇ ಪ್ರಶ್ನೆ ಕೇಳಿದರು. “ಮೇಡಂ, ಮಳೆ ಬಂದು ಬೆಳೆ ಕೆಟ್ಟ ವರ್ಷವೂ ಕಂತು ಕಟ್ಟಬೇಕಲ್ಲ, ಹೇಗೆ ಕಟ್ಟುತ್ತೀರಿ? ಮಳೆಯೇ ಬಾರದ ವರ್ಷ ಯಂತ್ರಕ್ಕೆ ಏನು ಕೆಲಸ?”

ಅವಕ್ಕೆ ಉತ್ತರ ನನ್ನ 31ನೆಯ ಸ್ಲೈಡಿನಲ್ಲಿತ್ತು. ಕೆಳಗಿನ ಮೂಲೆಯಲ್ಲಿ, ಎಂಟು ಸಾಲುಗಳ ಪಟ್ಟಿಯ ಏಳನೆಯ ಸಾಲಿನಲ್ಲಿ.

ಆ ರಾತ್ರಿ ನನಗೆ ನೆನಪಾದದ್ದು ಕೊಲಂಬಿಯಾ ಬಾಹ್ಯಾಕಾಶ ನೌಕೆ. 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ಅದು ಒಡೆದು ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಕೊಂಡರು. ಉಡಾವಣೆಯ ವೇಳೆ ಇಂಧನದ ಟ್ಯಾಂಕಿನಿಂದ ಕಳಚಿದ ಗಟ್ಟಿ ಫೋಮಿನ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಆ ಹೊಡೆತದ ಬಗ್ಗೆ ನಾಸಾದವರಿಗೆ ಸ್ಲೈಡುಗಳನ್ನು ತೋರಿಸಿದ್ದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ತುಂಬುವಂತಿತ್ತು. ಅದೇ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಬಡಿದ ತುಂಡು 1,920 ಘನ ಅಂಗುಲದ್ದು, ಹಿಂದೆ ಪರೀಕ್ಷೆಗೆ ಬಳಸಿದ್ದು 3 ಘನ ಅಂಗುಲದ್ದು ಎಂದು ಬರೆದಿತ್ತು. 640 ಪಟ್ಟು. ಇಡೀ ಸ್ಲೈಡಿನಲ್ಲಿ ತಲೆಬರಹವಾಗಬೇಕಿದ್ದ ಮಾತು ಅದೊಂದೇ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಬಿಡಿಸಿ ಚರ್ಚಿಸಿದೆ. ಒಂದು ಸಾಲದ ಅರ್ಜಿಯನ್ನು ಆ ಸಾವುಗಳ ಪಕ್ಕದಲ್ಲಿ ಇಡುತ್ತಿಲ್ಲ. ಆದರೆ ದೊಡ್ಡ ಮಾತು ಪಟ್ಟಿಯ ತಳಕ್ಕೆ ಜಾರುವ ಬಗೆ ಎರಡೂ ಕಡೆ ಒಂದೇ. ಯಾರೂ ಬಚ್ಚಿಟ್ಟಿರುವುದಿಲ್ಲ. ಬರೆದಿದ್ದೇವಲ್ಲ ಎಂಬ ನಂಬಿಕೆಯಲ್ಲಿ ಬರೆದವರು ಇರುತ್ತಾರೆ, ನೋಡಿದೆವಲ್ಲ ಎಂಬ ನಂಬಿಕೆಯಲ್ಲಿ ನೋಡಿದವರು.

ಮಾರನೆಯ ದಿನ ಕಂಪ್ಯೂಟರ್ ತೆರೆಯಲಿಲ್ಲ. ಒಂದು ಹಾಳೆಯ ಮೇಲೆ ಅಧಿಕಾರಿಯ ಎರಡು ಪ್ರಶ್ನೆಗಳನ್ನು ಬರೆದೆ, ಅವುಗಳ ಕೆಳಗೆ ನಮ್ಮ ಉತ್ತರವನ್ನು ಪೂರ್ಣ ವಾಕ್ಯಗಳಲ್ಲಿ ಬರೆದೆ. ಈಗ ನಾನು ಮಾಡುವ ಪ್ರತಿಯೊಂದು ಸ್ಲೈಡೂ ಹೀಗೆ ಒಂದು ವಾಕ್ಯದಿಂದ ಹುಟ್ಟುತ್ತದೆ, ಆ ವಾಕ್ಯವೇ ತಲೆಬರಹವಾಗುತ್ತದೆ. ‘ಮಳೆಯ ವಿವರ’ ಎಂಬ ತಲೆಬರಹ ಏನನ್ನೂ ಹೇಳುವುದಿಲ್ಲ. ‘ಕೊಯ್ಲಿನ ಎರಡು ತಿಂಗಳಲ್ಲಿ ಮಳೆ ಬಾರದ ವರ್ಷಗಳೂ ಇವೆ, ಆಗ ಯಂತ್ರ ಹೀಗೆ ದುಡಿಯುತ್ತದೆ’ ಎಂಬುದು ಹೇಳುತ್ತದೆ. ವಾಕ್ಯ ಸಿದ್ಧವಾಗದಿದ್ದರೆ ನನಗೆ ಆ ವಿಷಯ ಇನ್ನೂ ಗೊತ್ತಿಲ್ಲ ಎಂದೇ ಅರ್ಥ. ಆಗ ಗ್ರಾಫ್ ಬರೆಯಲು ಕೂರುವುದಿಲ್ಲ.

ಮಳೆಯ ಲೆಕ್ಕ ಬೇಕಾಗಿತ್ತು, ಜಿಲ್ಲೆಯದಲ್ಲ, ನಮ್ಮ ಕಣಗಳದು. ಅದು ದೊಡ್ಡಪ್ಪನ ಬೀರುವಿನಲ್ಲಿತ್ತು. ಅವರ ಮನೆಯ ಅಂಗಳದ ಅಂಚಿನಲ್ಲಿ ಒಂದು ಮಳೆಮಾಪಕವಿದೆ. ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದನ್ನು ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಮಲೆನಾಡಿನ ಅನೇಕ ತೋಟದ ಮನೆಗಳಲ್ಲಿ ಈ ಅಭ್ಯಾಸವಿದೆ. 27 ವರ್ಷದ ಡೈರಿಗಳನ್ನು ಅಕ್ಕಿ ಚೀಲದಲ್ಲಿ ತುಂಬಿಕೊಟ್ಟು, “ಒದ್ದೆ ಮಾಡಬೇಡ” ಎಂದಷ್ಟೇ ಹೇಳಿದರು.

ಮೊದಲು ವರ್ಷದ ಒಟ್ಟು ಮಳೆಯನ್ನು ಗೆರೆಯಲ್ಲಿ ಬರೆದೆ. ನೋಡಲು ಚಂದವಿತ್ತು. ಆದರೆ ಜುಲೈ ಮಳೆಗೂ ಕಣಕ್ಕೂ ಏನು ಸಂಬಂಧ? ಅದನ್ನು ಅಳಿಸಿದೆ. ಡಿಸೆಂಬರ್ 1ರಿಂದ ಜನವರಿ 31ರವರೆಗಿನ 62 ದಿನಗಳನ್ನಷ್ಟೇ ಉಳಿಸಿಕೊಂಡೆ. ಒಂದು ವರ್ಷಕ್ಕೆ ಒಂದು ಸಾಲು, ಒಂದು ದಿನಕ್ಕೆ ಒಂದು ಪುಟ್ಟ ಚೌಕ. ಮಳೆ ಬಂದ ದಿನದ ಚೌಕಕ್ಕೆ ಕಡು ನೀಲಿ, ಬಾರದ ದಿನಕ್ಕೆ ಬಿಳಿ. 1,674 ಚೌಕಗಳು ಒಂದೇ ಪುಟದಲ್ಲಿ. ಸರಾಸರಿ ಇಲ್ಲ, ಬಾಣದ ಗುರುತಿಲ್ಲ, ಅಡ್ಡಗೆರೆಗಳಿಲ್ಲ. ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವ ಕಥೆ ಅದರಲ್ಲಿ ಕಾಣಲಿಲ್ಲ. ಕಂಡಿದ್ದರೆ ನಮ್ಮ ಅರ್ಜಿಗೆ ಅನುಕೂಲವಿತ್ತು. ಕಂಡದ್ದು ಬೇರೆ. ಪೂರ್ತಿ ಬಿಳಿಯಾದ ಸಾಲುಗಳು ಕೆಲವು, ಒಂದೆರಡು ಚೌಕದವು ಕೆಲವು, ನಾಲ್ಕೈದು ಚೌಕಗಳು ಒಂದಕ್ಕೊಂದು ಅಂಟಿ ನಿಂತ ಸಾಲುಗಳು ಕೆಲವು. ಕಣದ ಕಾಫಿ ಹಾಳಾದದ್ದು ಹಾಗೆ ಅಂಟಿ ನಿಂತ ವರ್ಷಗಳಲ್ಲಿ. ಒಟ್ಟು ಮೊತ್ತವನ್ನು ಮಾತ್ರ ಬರೆದಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಆ ಹಾಳೆಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಮಳೆ ಬಂದ ದಿನ ಎಂದು ಯಾವುದನ್ನು ಹಿಡಿದಿದ್ದೀಯೆ?”

“ಹತ್ತು ಸೆಂಟ್ ಮತ್ತು ಅದಕ್ಕಿಂತ ಹೆಚ್ಚು, ದೊಡ್ಡಪ್ಪ. ಹವಾಮಾನ ಇಲಾಖೆಯವರು 2.5 ಮಿಲಿಮೀಟರ್ ಬಂದರೆ ಮಳೆ ದಿನ ಎನ್ನುತ್ತಾರೆ. ಹತ್ತು ಸೆಂಟ್ ಎಂದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.”

“ಅವರ ಲೆಕ್ಕ ಅವರಿಗೆ ಸರಿ. ಕಣದಲ್ಲಿ ಹರವಿದ ಕಾಫಿಗೆ ಮೂರು ಸೆಂಟ್ ಬಂದರೂ ಓಡಿ ಹೋಗಿ ಗುಡ್ಡೆ ಮಾಡಿ ಮುಚ್ಚಬೇಕು. ಆ ದಿನದ ಒಣಗುವಿಕೆ ಹೋಯಿತು, ಆಳಿನ ಕೂಲಿ ಹೋಯಿತು. ನಿನ್ನ ಹಾಳೆಯಲ್ಲಿ ಆ ದಿನಗಳೆಲ್ಲ ಬೆಳ್ಳಗಿವೆ.”

ಡೈರಿಗಳನ್ನು ಮತ್ತೆ ಮೊದಲಿನಿಂದ ನೋಡಿದೆ. ಹತ್ತು ಸೆಂಟಿಗಿಂತ ಕಡಿಮೆ ಬಂದ ದಿನಗಳಿಗೆ ತಿಳಿನೀಲಿ ತುಂಬಿದೆ. ಬಿಳಿ ಎಂದು ಬಿಟ್ಟಿದ್ದ ಎಷ್ಟೋ ಸಾಲುಗಳಿಗೆ ಬಣ್ಣ ಬಂತು. ಅಂಕಿ ಸೇರಿಸುವವರು ತಾವು ಬಳಸುವ ಪ್ರತಿ ಗಡಿಯನ್ನೂ, ಅದರೊಳಗೆ ಬದುಕುವವರಿಗೆ ಒಮ್ಮೆ ತೋರಿಸಬೇಕು ಎಂದು ಆ ಸಂಜೆಯಿಂದ ನಂಬಿದ್ದೇನೆ. ಹಸಿರು ಕೆಂಪು ಬಿಟ್ಟು ಒಂದೇ ಬಣ್ಣದ ಎರಡು ಛಾಯೆಗಳನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಕಣ್ಣುಗಳು ಗಂಡಸರಲ್ಲಿ ಅಪರೂಪವಲ್ಲ. ಜೊತೆಗೆ ಕಪ್ಪು ಬಿಳುಪು ಜೆರಾಕ್ಸ್ ಮಾಡಿದಾಗಲೂ ಕಡು ಯಾವುದು ತಿಳಿ ಯಾವುದು ಎಂದು ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ಕಡತಕ್ಕೆ ಸೇರುವುದು ಜೆರಾಕ್ಸ್ ಪ್ರತಿಯೇ.

ಖರ್ಚಿನ ಲೆಕ್ಕಕ್ಕೆ ಮೊದಲು ಒಂದು ವೃತ್ತದ ಗ್ರಾಫ್ ಇತ್ತು, ಒಂಬತ್ತು ಹೋಳು, ಒಂಬತ್ತು ಬಣ್ಣ. ಅದೂ ಪ್ಲೇಫೇರ್ ಬಳಕೆಗೆ ತಂದದ್ದೇ, 1801ರಲ್ಲಿ. ಆದರೆ ಹೋಳುಗಳ ಕೋನವನ್ನು ಅಂದಾಜು ಮಾಡುವುದರಲ್ಲಿ ನಮ್ಮ ಕಣ್ಣು ಸೋಲುತ್ತದೆ, ಒಂದೇ ಬುಡದ ಮೇಲಿನ ಸ್ಥಾನ ಮತ್ತು ಉದ್ದವನ್ನು ಹೋಲಿಸುವುದರಲ್ಲಿ ಗೆಲ್ಲುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ನಾನು ಅಡ್ಡ ಪಟ್ಟಿಗಳಿಗೆ ಬದಲಾದೆ, ದೊಡ್ಡ ಖರ್ಚು ಮೇಲೆ, ಚಿಕ್ಕದು ಕೆಳಗೆ. ಅಡ್ಡ ಪಟ್ಟಿಯಲ್ಲಿ ಕನ್ನಡಕ್ಕೆ ಇನ್ನೊಂದು ಲಾಭವಿದೆ. ಕೊಯ್ಲು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು, ಗೊಬ್ಬರ ಎಂಬ ಹೆಸರುಗಳನ್ನು ಎಡಗಡೆ ನೇರವಾಗಿ ಬರೆಯಬಹುದು. ನಿಂತ ಕಂಬದ ಕೆಳಗಾದರೆ ಓರೆಯಾಗಿ, ಕತ್ತು ಹೊರಳಿಸಿ ಓದುವಂತೆ ಬರೆಯಬೇಕಾಗುತ್ತದೆ.

ಕನ್ನಡದ ಸ್ಲೈಡುಗಳ ಬಗ್ಗೆ ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಇದನ್ನೂ ಬರೆದುಬಿಡುತ್ತೇನೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಎಂಬ ಒಂದು ಪದ ಕೆಳಸಾಲಿನ ತಲೆಯನ್ನು ಮುಟ್ಟುತ್ತದೆ. ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಅಕ್ಷರವೂ ತುಸು ದೊಡ್ಡದಿರಬೇಕು. ದಪ್ಪ ಅಕ್ಷರ ಮಾಡಿದರೆ ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ, ಮಾತನ್ನು ಎತ್ತಿ ತೋರಿಸಲು ಬಣ್ಣವೇ ಮೇಲು. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಬೇರೆಯವರ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಒಂದು ಸಭೆಯಲ್ಲಿ ನನಗೆ ಹಾಗಾಗಿ, ಹದಿನೈದು ನಿಮಿಷ ಜನ ಸುಮ್ಮನೆ ಕಾಯಬೇಕಾಯಿತು. ಯೂನಿಕೋಡ್‌ನಲ್ಲಿ ಬರೆದು, ಜೊತೆಗೊಂದು ಪಿಡಿಎಫ್ ಪ್ರತಿ ಇಟ್ಟುಕೊಂಡರೆ ಆ ಆತಂಕವಿಲ್ಲ. ಅಂಕಿಗಳನ್ನು ಲಕ್ಷ, ಕೋಟಿಯಲ್ಲೇ ಹೇಳಬೇಕು, ಅಲ್ಪವಿರಾಮವೂ ನಮ್ಮ ಕ್ರಮದಲ್ಲೇ ಇರಬೇಕು. 12,50,000 ಎಂದರೆ ಹನ್ನೆರಡೂವರೆ ಲಕ್ಷ ಎಂದು ಕಣ್ಣು ಹಾಯಿಸಿದ ಕೂಡಲೇ ತಿಳಿಯುತ್ತದೆ. 1,250,000 ಎಂದು ಬರೆದರೆ ನಮ್ಮವರು ಬೆರಳಿಟ್ಟು ಸೊನ್ನೆ ಎಣಿಸುತ್ತಾರೆ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ.

ಎರಡನೆಯ ಸಲ ಬ್ಯಾಂಕಿಗೆ ಹೋದಾಗ ಒಂಬತ್ತು ಸ್ಲೈಡುಗಳಿದ್ದವು. ಚೌಕಗಳ ಹಾಳೆಯನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಲು ಬೇರೆಯಾಗಿ ಒಯ್ದಿದ್ದೆ. ಅದರ ಅಂಚಿನಲ್ಲಿ ‘1 ಇಂಚು ಮಳೆ = 100 ಸೆಂಟ್ = 25.4 ಮಿ.ಮೀ.’ ಎಂದು ಬರೆದಿದ್ದೆ. ಮುಂದೆ ಸಾಲ ಮಂಜೂರಾಯಿತು. ಕೇಳಿದ್ದಕ್ಕಿಂತ ಕಡಿಮೆ ಮೊತ್ತ, ತೀರಿಸಲು ಕೇಳಿದ್ದಕ್ಕಿಂತ ಒಂದು ವರ್ಷ ಹೆಚ್ಚು ಅವಧಿ. ನ್ಯಾಯವಾದ ತೀರ್ಮಾನವೆಂದೇ ನನಗೆ ಅನಿಸಿತು. ಯಂತ್ರಕ್ಕೆ ಕೆಲಸವಿಲ್ಲದ ವರ್ಷಗಳನ್ನು ನಾವೇ ತೋರಿಸಿದ್ದೆವು. ಆ ವರ್ಷಗಳಲ್ಲಿ ಕಾಳುಮೆಣಸು ಒಣಗಿಸಿ ಬಾಡಿಗೆ ಪಡೆಯುವ ಲೆಕ್ಕವನ್ನೂ ಅದೇ ಸ್ಲೈಡಿನಲ್ಲಿ ಇಟ್ಟಿದ್ದೆವು. ಹೂ ಅರಳಿಸುವ ಮಾರ್ಚಿನ ಹೂಮಳೆಗಾಗಿ ಕಾಫಿ ಗಿಡ ಕಾಯುತ್ತದೆ, ಕಣದ ಮೇಲಿರುವ ಮೆಣಸಿಗೆ ಅದೇ ಮಳೆ ಕೇಡು.

ಆ ದಿನ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿದ್ದೆ, ಡೈರಿಗಳ ಚೀಲದ ಜೊತೆ. ನಾನು ಐದನೆಯ ಸ್ಲೈಡಿನಲ್ಲಿದ್ದೆ. ಅಧಿಕಾರಿ ಪರದೆ ಬಿಟ್ಟು ಮೇಜಿನ ಮೇಲಿನ ಹಾಳೆಯತ್ತ ಬಾಗಿದರು. ಜನವರಿಯ ಕೊನೆಯಲ್ಲಿ ಒಂದರ ಪಕ್ಕ ಒಂದು ನಿಂತಿದ್ದ ನಾಲ್ಕು ಚೌಕಗಳ ಮೇಲೆ ಪೆನ್ನಿನ ತುದಿಯಿಟ್ಟು, “ಇದು ಯಾವ ವರ್ಷ? ಇಲ್ಲಿ ಏನಾಯಿತು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಅದು ನಮ್ಮ ಹಿರಿ ಮಗಳ ಮದುವೆಯ ವಾರ, ಸಾರ್. ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಂಡಿದ್ದೆವು, ಮಳೆ ಬರುವ ಕಾಲವಲ್ಲ. ಕಣದ ತುಂಬ ಚೆರಿ ಇತ್ತು. ಮುಚ್ಚಲು ಟಾರ್ಪಾಲು ಸಾಲದೆ ಮದುವೆ ಚಪ್ಪರದ ಮೇಲಿನದನ್ನೇ ಬಿಚ್ಚಿಸಿ ತಂದೆ. ಬೀಗರು ನೆನೆದರು, ಕಾಫಿಯೂ ನೆನೆಯಿತು.” ಚೀಲದಿಂದ ಆ ವರ್ಷದ ಡೈರಿಯನ್ನು ತೆಗೆದು ಪುಟ ತಿರುವಿ ಮುಂದಿಟ್ಟರು. ಅಧಿಕಾರಿ ಚೌಕವನ್ನೂ ಡೈರಿಯನ್ನೂ ಒಂದೊಂದಾಗಿ ತಾಳೆ ನೋಡಿದರು. ಆಮೇಲೆ ಇನ್ನೊಂದು ಸಾಲಿಗೆ ಪೆನ್ನು ಸರಿಸಿದರು. ದೊಡ್ಡಪ್ಪ ಇನ್ನೊಂದು ಡೈರಿ ತೆಗೆದರು.

ನಾನು ಪ್ರೊಜೆಕ್ಟರ್ ಆರಿಸಿ ಅವರ ಪಕ್ಕದಲ್ಲಿ ಕುಳಿತುಕೊಂಡೆ. ಉಳಿದ ನಾಲ್ಕು ಸ್ಲೈಡುಗಳನ್ನು ತೋರಿಸಲಿಲ್ಲ.